ಅಂಗೈ ಬೆವರಿಗೆ ಅಯಾಂಟೋಫೊರೆಸಿಸ್ ಯಂತ್ರ: 3 ವರ್ಷ ಬಳಸಿದ ಮೇಲೆ

ಶಾಲೆಯಲ್ಲಿ ನೋಟ್ಸ್ ಬರೆಯುವಾಗ ಕೈ ಕೆಳಗೆ ಕರ್ಚೀಫ್ ಇಟ್ಟುಕೊಳ್ಳುತ್ತಿದ್ದೆ. ಇಲ್ಲದಿದ್ದರೆ ಹಾಳೆ ಒದ್ದೆಯಾಗಿ ಶಾಯಿ ಹರಡುತ್ತಿತ್ತು. ಟೆನ್ಷನ್ ಜಾಸ್ತಿ ಅಂತಲೇ ಎಲ್ಲರೂ ಅಂದರು. ಚರ್ಮದ ಡಾಕ್ಟರ್ ಮಾತ್ರ ಬೇರೆ ಪ್ರಶ್ನೆ ಕೇಳಿದರು. ಎರಡೂ ಕೈ ಒಂದೇ ಥರ ಬೆವರುತ್ತಾ? ನಿದ್ದೆಯಲ್ಲೂ ಬೆವರುತ್ತಾ? ನಿದ್ದೆಯಲ್ಲಿ ನನ್ನ ಕೈ ಒಣಗಿರುತ್ತದೆ. ಇದು ಹೈಪರ್‌ಹೈಡ್ರೋಸಿಸ್, ಅಂದರೆ ಅತಿಯಾಗಿ ಬೆವರುವ ತೊಂದರೆ, ನರಗಳು ಬೆವರಿನ ಗ್ರಂಥಿಗಳನ್ನು ಸುಮ್ನೆ ಕೆರಳಿಸುತ್ತಿವೆ ಎಂದರು. ಅಷ್ಟು ಕೇಳಿಯೇ ಅರ್ಧ ಭಾರ ಇಳಿಯಿತು.

ಮೊದಲು 20% ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಟ್ಟರು. ಪೂರ್ತಿ ಒಣಗಿದ ಚರ್ಮಕ್ಕೆ ರಾತ್ರಿ ಹೊತ್ತು ಹಚ್ಚಬೇಕು. ಕಂಕುಳಿಗೆ ಚೆನ್ನಾಗಿ ಹಿಡಿಯಿತು, ಅಂಗೈಗೆ ಸಾಲಲಿಲ್ಲ. ಆಮೇಲೆ ಬಂದದ್ದು ಈ ಯಂತ್ರ.

ಎರಡು ತಟ್ಟೆ, ಅಂಗೈ ಮುಳುಗುವಷ್ಟು ನಲ್ಲಿ ನೀರು, ಅದರಲ್ಲಿ ಸಣ್ಣ ಕರೆಂಟು. ನಾನು 15 ಮಿಲಿಆಂಪಿಯರ್‌ನಲ್ಲಿ 20 ನಿಮಿಷ ಕೂರುತ್ತೇನೆ, ನಡುವೆ ಕರೆಂಟಿನ ದಿಕ್ಕು ಬದಲಿಸುತ್ತೇನೆ. ಶುರುವಿನಲ್ಲಿ ವಾರಕ್ಕೆ 3 ಸಲ. ಮೊದಲ ಹತ್ತು ದಿನ ಏನೂ ಆಗಲಿಲ್ಲ. ವಾಪಸ್ ಕೊಟ್ಟುಬಿಡೋಣ ಅನ್ನಿಸಿತ್ತು. ಮೂರನೇ ವಾರ ಒಂದು ಬೆಳಿಗ್ಗೆ ಫೋನಿಗೆ ಬೆರಳಿಟ್ಟೆ, ಒರೆಸಿಕೊಳ್ಳದೆಯೇ ಲಾಕ್ ತೆರೆಯಿತು. ಅಷ್ಟು ಸಣ್ಣ ವಿಷಯಕ್ಕೆ ಕಣ್ಣು ತುಂಬಿತು. ಈಗ ವಾರಕ್ಕೊಂದು ಸಲ ಸಾಕು. ಎರಡು ವಾರ ತಪ್ಪಿಸಿದರೆ ಮಾತ್ರ ಬೆವರು ಮರಳುತ್ತದೆ. ಇದು ವಾಸಿ ಮಾಡುವ ಯಂತ್ರವಲ್ಲ, ಹಿಡಿತದಲ್ಲಿಡುವ ಯಂತ್ರ.

ತೊಂದರೆಗಳೂ ಇವೆ. ಗೀರು, ಸಣ್ಣ ಗಾಯ ಇದ್ದರೆ ಚುರುಗುಟ್ಟುತ್ತದೆ. ಅಲ್ಲಿಗೆ ವ್ಯಾಸಲೀನ್ ಸವರಿಕೊಳ್ಳುತ್ತೇನೆ. ಉಂಗುರ, ಬಳೆ ತೆಗೆಯಲೇಬೇಕು. ಕರೆಂಟು ಇಳಿಸದೆ ಕೈ ಎತ್ತಿದರೆ ಝುಂ ಅನ್ನುತ್ತದೆ. ಫಿಲ್ಟರ್ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯದು, ಆಗ ಚಿಟಿಕೆ ಅಡುಗೆ ಸೋಡಾ ಹಾಕುತ್ತೇನೆ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಕೈಕಾಲಿನೊಳಗೆ ಲೋಹದ ರಾಡ್ ಹಾಕಿಸಿಕೊಂಡವರು ಇದನ್ನು ಮುಟ್ಟಬಾರದು. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರಲು ಶುರುವಾದರೆ, ರಾತ್ರಿ ಹಾಸಿಗೆ ಒದ್ದೆಯಾದರೆ, ತೂಕ ಇಳಿದರೆ ಯಂತ್ರ ಕೊಳ್ಳಬೇಡಿ. ಮೊದಲು ಡಾಕ್ಟರ್‌ಗೆ ತೋರಿಸಿ. ಥೈರಾಯ್ಡ್, ಸೋಂಕು ಹೀಗೆ ಬೇರೆ ಕಾರಣ ಇರಬಹುದು.

ಈ ತೊಂದರೆ ಮನೆತನದಲ್ಲೂ ಬರುತ್ತದೆ ಅಲ್ವಾ, ನನ್ನ ಅಕ್ಕನ ಮಗನಿಗೂ ಇದೆ. ಅವನ ಡಾಕ್ಟರ್ ಒಪ್ಪಿದ ಮೇಲೆ ಅವನೂ ಇದರಲ್ಲೇ ಕೂರುತ್ತಿದ್ದಾನೆ. ಎರಡನೇ ವಾರ ಮುಗಿಯಿತು, ಏನೂ ಆಗಿಲ್ಲ ಚಿಕ್ಕಮ್ಮ ಅನ್ನುತ್ತಾನೆ. ಇನ್ನೊಂದು ವಾರ ಬಿಡಬೇಡ ಕಂದಾ ಎಂದಿದ್ದೇನೆ.