ಸಕಲೇಶಪುರದ ಏರು ಹತ್ತಬಲ್ಲ ಪುಟ್ಟ ಎಂಜಿನ್ ಯಾವುದು? ಎಚ್‌ಒ ಮಾದರಿಗಳ ಪರೀಕ್ಷೆ

ಮಾದರಿ ರೈಲಿನ ಎಂಜಿನ್ ಎಷ್ಟು ಜೋರಾಗಿ ಓಡುತ್ತದೆ ಅಂತ ನೋಡಿ ದುಡ್ಡು ಕೊಡಬೇಡಿ. ಎಷ್ಟು ನಿಧಾನವಾಗಿ, ತಡವರಿಸದೆ ಓಡುತ್ತದೆ ಅಂತ ನೋಡಿ. ಜೋರಾಗಿ ಓಡುವುದು ಅಗ್ಗದ ಮೋಟಾರಿಗೂ ಬರುತ್ತದೆ. ನಡೆದು ಹೋಗುವವರ ವೇಗದಲ್ಲಿ ಹತ್ತು ಡಬ್ಬಿ ಎಳೆದುಕೊಂಡು ಏರು ಹತ್ತಿ, ನಡುವೆ ನಿಂತು, ಮತ್ತೆ ಜಗ್ಗದೆ ಹೊರಡುವುದು ಒಳ್ಳೆಯ ಎಂಜಿನ್ನಿಗೆ ಮಾತ್ರ ಸಾಧ್ಯ. ಹಾಸನ, ಸಕಲೇಶಪುರ, ಕಡೂರು ಕಡೆಯ ಆಸಕ್ತರು ಹೆಚ್ಚಾಗಿ ಕೇಳುವುದು 1:87 ಅಳತೆಯ ಎಚ್‌ಒ ಎಂಜಿನ್ನುಗಳನ್ನು. ಹಾಗಾಗಿ ಇಲ್ಲಿನ ಮಾತೆಲ್ಲ ಮೂರು ಬಗೆಯ ಎಚ್‌ಒ ಎಂಜಿನ್ನುಗಳ ಬಗ್ಗೆ: ಹಳಿಯ ಸಮೇತ ಪೆಟ್ಟಿಗೆಯಲ್ಲಿ ಬರುವ ಸೆಟ್ಟಿನ ಎಂಜಿನ್, ಬಿಡಿಯಾಗಿ ಸಿಗುವ ಸಾಮಾನ್ಯ ಡಿಸಿ ಎಂಜಿನ್ (ಹಳಿಯ ವೋಲ್ಟೇಜ್ ಏರಿಳಿಸಿ ಓಡಿಸುವಂಥದ್ದು), ಮತ್ತು ಸದ್ದು ಮಾಡುವ ಡಿಸಿಸಿ ಎಂಜಿನ್ (ಹಳಿಯ ಮೂಲಕ ಡಿಜಿಟಲ್ ಆಜ್ಞೆ ಕಳಿಸಿ ಓಡಿಸುವಂಥದ್ದು).

ಮೊದಲೇ ಒಂದು ವಿಷಯ. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂದರೆ ಭಾರತದ ಎಂಜಿನ್ನಿನ ಮಾದರಿಯನ್ನು ಎಚ್‌ಒ ಹಳಿಯ ಮೇಲೆ ನಿಲ್ಲಿಸಿದಾಗ ಗಾಲಿಗಳು ಸ್ವಲ್ಪ ಒಳಗೆ ಸರಿದ ಹಾಗೆ ಕಾಣುತ್ತವೆ. ಹಿಂದಿನ ಹಾಸನ–ಮಂಗಳೂರು ಮೀಟರ್‌ಗೇಜ್ ದಾರಿಯನ್ನು ಸರಿಯಾಗಿ ಮಾಡಬೇಕೆಂದರೆ 12 ಮಿ.ಮೀ. ಹಳಿ ಬೇಕು. ಇದು ಕಣ್ಣಿನ ವಿಷಯವೇ ಹೊರತು ಓಟದ್ದಲ್ಲ. ನಮ್ಮ ಘಾಟಿಯಲ್ಲಿ ದುಡಿದ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಮೂಲದಲ್ಲಿ ಅಮೆರಿಕದ ಇಎಂಡಿ ಕಂಪನಿಯ ಜಿಟಿ46ಎಂಎಸಿ. ಅದೇ ವಂಶದ ಎಸ್‌ಡಿ70ಎಂಎಸಿ ಎಚ್‌ಒದಲ್ಲಿ ಸಿಗುತ್ತದೆ. ಆರು ಅಚ್ಚಿನ ಡೀಸೆಲ್ ಬೇಕೆನ್ನುವವರಿಗೆ ಅದು ಹತ್ತಿರದ ನೆಂಟ.

ಇನ್ನು ಪರೀಕ್ಷೆ. ನೇರ ಹಳಿಯ ಮೇಲೆ ಒಂದು ಮೀಟರ್ ಅಂತರದಲ್ಲಿ ಪೆನ್ಸಿಲಿನಿಂದ ಎರಡು ಗೆರೆ ಹಾಕಿ. ಕಂಟ್ರೋಲರಿನ ಗುಂಡಿಯನ್ನು ಸೊನ್ನೆಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ. ಎಂಜಿನ್ ಆ ಒಂದು ಮೀಟರ್ ದಾಟಲು ಪೂರ್ತಿ ಒಂದು ನಿಮಿಷ ತೆಗೆದುಕೊಂಡರೆ, 1:87 ಲೆಕ್ಕದಲ್ಲಿ ಅದರ ವೇಗ ಗಂಟೆಗೆ 5 ಕಿ.ಮೀ. ಒಳ್ಳೆಯ ಎಂಜಿನ್ ಇದನ್ನು ಮುಂದಕ್ಕೂ ಹಿಂದಕ್ಕೂ ನಿಲ್ಲದೆ ಮಾಡುತ್ತದೆ. ಸೆಟ್ಟಿನ ಎಂಜಿನ್ನಿನ ಕಥೆ ಬೇರೆ. ಗುಂಡಿ ಅರ್ಧ ತಿರುಗುವವರೆಗೂ ಅಲುಗಾಡುವುದಿಲ್ಲ, ಆಮೇಲೆ ಬಾಣದ ಹಾಗೆ ಹಾರುತ್ತದೆ. ಆರು ಸೆಕೆಂಡಿಗೆ ಮೀಟರ್ ದಾಟಿತು ಅಂದರೆ ಅದು ಗಂಟೆಗೆ 50 ಕಿ.ಮೀ. ಮೀರಿತು. ಅದಕ್ಕಿಂತ ನಿಧಾನಕ್ಕೆ ಇಳಿಸಹೋದರೆ ನಿಂತೇ ಬಿಡುತ್ತದೆ.

ಕಾರಣ ಮೋಟಾರಿನೊಳಗಿದೆ. ಮೂರು ಪೋಲಿನ ಆರ್ಮೇಚರ್ (ತಂತಿ ಸುತ್ತಿದ ಮೂರು ತೋಳುಗಳಿರುವ, ಮೋಟಾರಿನೊಳಗೆ ತಿರುಗುವ ಭಾಗ) ಒಂದು ಸುತ್ತಿನಲ್ಲಿ ಅಯಸ್ಕಾಂತಕ್ಕೆ ಅಂಟಿ ಅಂಟಿ ಬಿಡುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಆ ಹಿಡಿತ ಬಿಡಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಐದು ಪೋಲಿನದು, ಅದರಲ್ಲೂ ಪೋಲುಗಳ ನಡುವಿನ ಸಂದುಗಳನ್ನು ಓರೆಯಾಗಿ ಕೊರೆದದ್ದು, ಈ ಹಿಡಿತವನ್ನು ಹಂಚಿಬಿಡುತ್ತದೆ. ಮೇಲಿನ ಕವಚ ತೆಗೆದು ಫ್ಲೈವೀಲನ್ನು (ಮೋಟಾರಿನ ಅಚ್ಚಿಗೆ ಕೂರಿಸಿದ ಭಾರದ ಚಕ್ರ) ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸಿದರೆ ಇದು ಕೈಗೇ ಗೊತ್ತಾಗುತ್ತದೆ: ಗಕ್ಕು ಗಕ್ಕೆಂದು ತಡೆದು ತಡೆದು ತಿರುಗುವುದು ಒಂದು, ಬೆಣ್ಣೆಯ ಹಾಗೆ ಜಾರುವುದು ಇನ್ನೊಂದು. ಮೋಟಾರಿನ ಎರಡೂ ಕಡೆ ಹಿತ್ತಾಳೆಯ ಫ್ಲೈವೀಲ್ ಇದ್ದರೆ, ಹಳಿಯ ಮೇಲಿನ ಚೂರು ಕೊಳೆಯಿಂದ ಕರೆಂಟು ಕ್ಷಣ ತಪ್ಪಿದರೂ ಗಾಡಿ ಮುಗ್ಗರಿಸುವುದಿಲ್ಲ. ಮುಂದಕ್ಕೆ ಚೆನ್ನಾಗಿ ಓಡಿ ಹಿಂದಕ್ಕೆ ಮಾತ್ರ ಕುಂಟುವ ಎಂಜಿನ್ ಸಿಕ್ಕರೆ, ಕಾರ್ಬನ್ ಬ್ರಷ್ ಸವೆದಿರಬೇಕು ಇಲ್ಲವೇ ವರ್ಮ್ ಗಿಯರಿನ ತುದಿಯ ವಾಷರ್ ಹೋಗಿರಬೇಕು.

ಎರಡನೆಯದು ಎಳೆಯುವ ಶಕ್ತಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿ.ಮೀ. ಘಾಟಿಯ ಏರು 50ಕ್ಕೆ 1. ಸಾಮಾನು ಗಾಡಿಗಳಿಗೆ ಬ್ಯಾಂಕರ್ ಎಂಜಿನ್ (ಹಿಂದಿನಿಂದ ತಳ್ಳುವ ನೆರವಿನ ಎಂಜಿನ್) ಕಟ್ಟುವುದು ಅದಕ್ಕೇ. ಅದೇ ಏರನ್ನು ಮೇಜಿನ ಮೇಲೆ ಮಾಡುವುದು ಸುಲಭ: ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಗೆ 2 ಸೆಂ.ಮೀ. ಎತ್ತರದ ಕಟ್ಟಿಗೆ ಕೊಟ್ಟರಾಯಿತು. ನೋಡಲು ಏನೂ ಅನಿಸುವುದಿಲ್ಲ. ಎಂಜಿನ್ನಿಗೆ ಮಾತ್ರ ಗೊತ್ತು.

ಅಳೆಯುವುದು ಹೀಗೆ. ಸಮತಟ್ಟು ಹಳಿಯ ಮೇಲೆ ಎಂಜಿನ್ನಿನ ಕಪ್ಲರಿಗೆ (ಡಬ್ಬಿ ಜೋಡಿಸುವ ಕೊಕ್ಕೆ) ದಾರ ಕಟ್ಟಿ, ಮೇಜಿನ ಅಂಚಿನಲ್ಲಿ ನುಣುಪಾದ ಪುಟ್ಟ ರಾಟೆಯ ಮೇಲೆ ಹಾಯಿಸಿ, ಕೆಳಗೆ ಹಗುರವಾದ ಪ್ಲಾಸ್ಟಿಕ್ ಲೋಟ ತೂಗುಬಿಡಿ. ಸಿರಿಂಜಿನಿಂದ ಲೋಟಕ್ಕೆ ನೀರು ಹಾಕುತ್ತಾ ಹೋಗಿ; 1 ಮಿ.ಲೀ. ಅಂದರೆ 1 ಗ್ರಾಂ. ಗಾಲಿಗಳು ನಿಂತಲ್ಲೇ ಜಾರಿ ತಿರುಗುವ ಹೊತ್ತಿಗೆ ಲೋಟದಲ್ಲಿರುವ ನೀರು, ಲೋಟದ ತೂಕ ಸೇರಿಸಿ, ಅದರ ಎಳೆತ. ಎಲ್ಲ ಗಾಲಿಗಳೂ ತಿರುಗುವ ಎಂಜಿನ್ ತನ್ನ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಎಳೆಯಬೇಕು. 400 ಗ್ರಾಮಿನ ಎಂಜಿನ್ನಿಗೆ 80ರಿಂದ 100 ಗ್ರಾಂ ಸರಿ.

ಈಗ ಲೆಕ್ಕ ಹಾಕಿ. 90 ಗ್ರಾಂ ಎಳೆಯುವ ಎಂಜಿನ್, ತಲಾ 150 ಗ್ರಾಮಿನ ಬೋಗಿಗಳು. ಸಮತಟ್ಟಿನಲ್ಲಿ ಒಂದು ಬೋಗಿಯ ಉರುಳು ತಡೆ ಅದರ ತೂಕದ ಶೇ. 3 ಅಂತ ಹಿಡಿದರೆ ನಾಲ್ಕೂವರೆ ಗ್ರಾಂ; 20 ಬೋಗಿ ಎಳೆಯಬಹುದು. 50ಕ್ಕೆ 1ರ ಏರಿನಲ್ಲಿ ಬೋಗಿಯ ತೂಕದ ಇನ್ನೂ ಶೇ. 2 ಸೇರಿ ಏಳೂವರೆ ಗ್ರಾಂ ಆಗುತ್ತದೆ. ಎಂಜಿನ್ ತನ್ನನ್ನು ತಾನೇ ಮೇಲೆತ್ತಿಕೊಳ್ಳಲು 8 ಗ್ರಾಂ ಹೋಯಿತು. ಉಳಿದದ್ದು 82, ಬೋಗಿ ಹನ್ನೊಂದೂ ಇಲ್ಲ. ತಿರುವೂ ಸೇರಿತು ಅಂದರೆ ಎಂಟೋ ಒಂಬತ್ತೋ. “ಇಪ್ಪತ್ತು ಡಬ್ಬಿ ಎಳೆಯುತ್ತೆ” ಅಂತ ಮಾರುವವರು ಹೇಳಿದರೆ, ಯಾವ ಏರಿನಲ್ಲಿ ಅಂತ ಕೇಳಲೇಬೇಕು. ಸೆಟ್ಟಿನ ಎಂಜಿನ್ನುಗಳಲ್ಲಿ ಎಷ್ಟೋ ಸಲ ಅಡಿಯ ಎರಡು ಗಾಲಿಕಟ್ಟುಗಳಲ್ಲಿ ಒಂದರ ಗಾಲಿಗಳನ್ನು ಮಾತ್ರ ಮೋಟಾರ್ ತಿರುಗಿಸುತ್ತದೆ, ಇನ್ನೊಂದು ಸುಮ್ಮನೆ ಉರುಳುತ್ತದೆ. ಕೊರತೆ ತುಂಬಲು ಎರಡು ಗಾಲಿಗೆ ರಬ್ಬರ್ ಉಂಗುರ ಹಾಕಿರುತ್ತಾರೆ. ರಬ್ಬರ್ ಹಿಡಿಯುತ್ತದೆ ನಿಜ, ಆದರೆ ಆ ಗಾಲಿಗಳಿಂದ ಕರೆಂಟು ಬರುವುದಿಲ್ಲ, ಕೆಲವು ವರ್ಷಕ್ಕೆ ಗಟ್ಟಿಯಾಗಿ ಬಿರಿಯುತ್ತದೆ. ಬದಲಿ ಉಂಗುರ ಸಿಗುತ್ತದೆಯೇ ಅಂತ ನೋಡದೆ ಅಂಥದ್ದನ್ನು ಕೊಳ್ಳಬೇಡಿ.

ಹಳೆಯ ಎಂಜಿನ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅಚ್ಚಿನ ಗಿಯರ್. ಡೀಸೆಲ್ ಮಾದರಿಗಳಲ್ಲಿ ಎರಡು ಲೋಹದ ಅರ್ಧ ಅಚ್ಚುಗಳನ್ನು ಎರಡು ಕಡೆಯಿಂದ ಒಂದು ಪ್ಲಾಸ್ಟಿಕ್ ಗಿಯರಿನೊಳಗೆ ಒತ್ತಿ ಕೂರಿಸಿರುತ್ತಾರೆ. ವರ್ಷ ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ಗಿಯರಿನ ಕೊರಳು ಸೀಳುತ್ತದೆ. ಓಡಿಸಿದರೆ ಗಾಲಿಯ ಒಂದು ಸುತ್ತಿಗೆ ಒಂದು ಸಲ “ಟಿಕ್” ಅನ್ನುತ್ತದೆ. ಸೀಳಿದ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಹಿಗ್ಗಿ ಮುಂದಿನ ಗಿಯರಿಗೆ ತಾಗುವ ಸದ್ದು ಅದು. ಗಾಲಿಕಟ್ಟಿನ ತಳದ ಮುಚ್ಚಳ ತೆಗೆದು ಅಚ್ಚನ್ನು ಮೇಲೆತ್ತಿ, ಭೂತಗನ್ನಡಿಯಲ್ಲಿ ಕೊರಳಿನ ಸುತ್ತ ನೋಡಿ. ಹೊಸದಾಗಿ ಸೀಳಿದ್ದು ಕೂದಲಿನಷ್ಟು ತೆಳುವಾದ ಬಿಳಿ ಗೆರೆಯಾಗಿ ಕಾಣುತ್ತದೆ. ಎರಡು ಗಾಲಿಗಳನ್ನು ಬೆರಳಲ್ಲಿ ಹಿಡಿದು ಎದುರು ದಿಕ್ಕಿಗೆ ತಿರುವಿದಾಗ ಸಲೀಸಾಗಿ ತಿರುಗಿದರೆ ಸೀಳಿರುವುದು ಖಚಿತ. ಅಂಟು ಹಾಕಿ ಕೂರಿಸುವ ಆಸೆ ಬೇಡ, ಆ ಜಾರುವ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ನಿಲ್ಲುವುದಿಲ್ಲ. ಹೊಸ ಗಿಯರ್ ಒಂದೇ ದಾರಿ. ಹಾಕಿದ ಮೇಲೆ ಗಾಲಿಗಳ ಒಳಮೈಗಳ ನಡುವಿನ ಅಂತರ ಸುಮಾರು 14.4 ಮಿ.ಮೀ. ಇದೆಯೇ ಅಂತ ಕ್ಯಾಲಿಪರಿನಲ್ಲಿ ಅಳೆಯಿರಿ. ಕಡಿಮೆಯಾದರೂ ಹೆಚ್ಚಾದರೂ ಗಾಡಿ ಪಾಯಿಂಟಿನಲ್ಲಿ (ಹಳಿ ಕವಲೊಡೆಯುವ ಜಾಗ) ಹಳಿ ತಪ್ಪುತ್ತದೆ.

ಗಿಯರ್ ಒಡೆದರೆ ರಿಪೇರಿ ಉಂಟು, ಚಾಸಿ (ಎಂಜಿನ್ನಿನ ಲೋಹದ ಚೌಕಟ್ಟು) ಕೊಳೆತರೆ ಇಲ್ಲ. ಸತುವಿನ ಮಿಶ್ರಲೋಹ ಎರಕ ಹೊಯ್ಯುವಾಗ ಸೀಸ ಬೆರೆತಿದ್ದರೆ, ಒಳಗಿಂದೊಳಗೇ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಹಳೆಯ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ತೇವ ಅದನ್ನು ಬೇಗ ಮಾಡಿಸುತ್ತದೆ. ಚಾಸಿ ಬಾಗಿದ್ದರೆ, ಕವಚ ಬಿಗಿಯಾಗಿ ಬಿಚ್ಚಲು ಬಾರದಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ತೇವದ ಮಾತು ಬಂದದ್ದರಿಂದ: ಇದು ಮಲೆನಾಡು. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ಗೋಡೆಯೇ ಬೆವರುತ್ತದೆ. ಉಕ್ಕಿನ ಹಳಿಗೆ ಒಂದೇ ಮಳೆಗಾಲ ಸಾಕು, ತುಕ್ಕು ಹಿಡಿಯುತ್ತದೆ. ಆಮೇಲೆ ಎಂಜಿನ್ ನಿಂತು ನಿಂತು ಹೋದರೆ ತಪ್ಪು ಎಂಜಿನ್ನಿನದಲ್ಲ. ಬ್ಯಾಕ್‌ಮನ್ ಕಂಪನಿಯ ಇ-ಝಡ್ ಹಳಿಯಲ್ಲಿ ಕಪ್ಪು ತಳದ್ದು ಉಕ್ಕು, ಬೂದು ತಳದ್ದು ನಿಕಲ್ ಸಿಲ್ವರ್. ಇಲ್ಲಿಗೆ ಬೂದು ತಳದ್ದೇ ಬೇಕು. ಗಾಲಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಒಂದು ಗಾಲಿಕಟ್ಟು ಬಟ್ಟೆಯ ಮೇಲೆ, ಇನ್ನೊಂದು ಬರಿಯ ಹಳಿಯ ಮೇಲೆ ಇಟ್ಟು, ಎಂಜಿನ್ನನ್ನು ಕೈಯಲ್ಲಿ ಹಿಡಿದು ಕರೆಂಟು ಕೊಡಿ. ಗಾಲಿ ತಿರುಗುತ್ತಾ ಬಟ್ಟೆಯ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಗೆರೆ ನಿಂತಾಗ ತಿರುಗಿಸಿ ಇಡಿ. ಉಪ್ಪುಕಾಗದ ತಾಗಿಸಬೇಡಿ, ಗೀರಿನೊಳಗೆ ಕೊಳೆ ಮನೆ ಮಾಡುತ್ತದೆ. ಪೆಟ್ಟಿಗೆಯೊಳಗಿನ ಸ್ಪಂಜು ಹಳತಾದಾಗ ತೇವಕ್ಕೆ ಅಂಟಂಟಾಗಿ ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ. ಎಂಜಿನ್ನಿಗೂ ಸ್ಪಂಜಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಹಾಗಾದರೆ ಯಾವುದು? ಸೆಟ್ಟಿನ ಎಂಜಿನ್ ಮಗುವಿಗೆ ಸರಿ, ಏರಿಗೆ ಸಲ್ಲದು. ಅಮೆರಿಕದಿಂದ ಬಂದ ಸೆಟ್ಟಾದರೆ ಅದರ ಪವರ್ ಪ್ಯಾಕ್ 120 ವೋಲ್ಟಿನದಾಗಿರುತ್ತದೆ. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಹಿಂಬದಿಯ ಚೀಟಿ ಓದದೆ ಪ್ಲಗ್ ಹಾಕಬೇಡಿ.

ನಮ್ಮ ಓಟು ನಡುವಿನದಕ್ಕೆ, ಅಂದರೆ ಬಿಡಿಯಾಗಿ ಸಿಗುವ ಡಿಸಿ ಎಂಜಿನ್ನಿಗೆ. ನಡುವೆ ಮೋಟಾರ್, ಎರಡು ಕಡೆ ಫ್ಲೈವೀಲ್, ಎಲ್ಲ ಅಚ್ಚಿಗೂ ಗಿಯರ್, ಎಲ್ಲ ಗಾಲಿಯಿಂದಲೂ ಕರೆಂಟು, ಮುಂದೆ ಡಿಕೋಡರ್ (ಡಿಸಿಸಿ ಆಜ್ಞೆ ಓದುವ ಪುಟ್ಟ ಸರ್ಕ್ಯೂಟ್) ಹಾಕಲು 8 ಅಥವಾ 21 ಪಿನ್ನಿನ ಸಾಕೆಟ್. ಕೇಟೊ ಕಂಪನಿಯ ಎಚ್‌ಒ ಡೀಸೆಲ್‌ಗಳು ಈ ಜೋಡಣೆಗೆ ಒಳ್ಳೆಯ ಮಾದರಿ. ನಿಧಾನದ ಓಟದಲ್ಲಿ ಇವನ್ನು ಮೆಚ್ಚದೆ ಇರಲಾಗದು. ಆದರೆ ಆರು ಅಚ್ಚಿನ ಎಂಜಿನ್ನಿಗೆ 56 ಸೆಂ.ಮೀ. ತ್ರಿಜ್ಯದ ತಿರುವು ಬೇಕು. ಸೆಟ್ಟಿನ ಜೊತೆ ಬರುವ 46 ಸೆಂ.ಮೀ. ತಿರುವಿನಲ್ಲಿ ಉದ್ದದ ಎಂಜಿನ್ ಹಳಿ ತಪ್ಪುವುದು ಸಾಮಾನ್ಯ. ಎಂಟಡಿ ನಾಲ್ಕಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ 56ರ ತಿರುವು ಅಂಚಿಗಂಚು ಕೂರುತ್ತದೆ.

ಸದ್ದಿನ ಡಿಸಿಸಿ ಎಂಜಿನ್ನಿನ ಸುಖ ಬೇರೆಯೇ. ಆದರೆ ಅದನ್ನು ಸಾಮಾನ್ಯ ಡಿಸಿ ಕಂಟ್ರೋಲರಿನಲ್ಲಿ ಓಡಿಸಿ ಅಳೆಯುವುದು ಅನ್ಯಾಯ. ಡಿಕೋಡರ್ ಎಚ್ಚರಗೊಳ್ಳುವುದಕ್ಕೇ ಐದಾರು ವೋಲ್ಟ್ ಬೇಕು. ಡಿಸಿಸಿಯಲ್ಲಿ ಓಡದಿದ್ದರೆ ಮೊದಲು ವಿಳಾಸ (ಎಂಜಿನ್ನಿನ ಗುರುತು ಸಂಖ್ಯೆ) 3 ಪ್ರಯತ್ನಿಸಿ. ಆಗದಿದ್ದರೆ ಸಿವಿ 8ಕ್ಕೆ (ಡಿಕೋಡರಿನ ಎಂಟನೇ ಸೆಟ್ಟಿಂಗ್) 8 ಬರೆದು ನೋಡಿ. ಇಎಸ್‌ಯು, ಝಿಮೊ, ಸೌಂಡ್‌ಟ್ರ್ಯಾಕ್ಸ್ ಡಿಕೋಡರುಗಳು ಇದರಿಂದ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ಬಿಟ್ಟು ಎದ್ದು ಹೋಗಬೇಡಿ, ಮೋಟಾರ್ ಗುಂಯ್‌ಗುಡುತ್ತಾ ನಿಂತಲ್ಲೇ ಬಿಸಿಯಾಗುತ್ತದೆ.

ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ತರಿಸಿ, ಹಿಂದಿರುಗಿಸಿ, ಮತ್ತೆ ತರಿಸುವುದು ಆಗದ ಮಾತು. ಆದ್ದರಿಂದ ಬಿಡಿಭಾಗಗಳ ಚಿತ್ರಪಟ್ಟಿ ಕೊಡುವ, ಗಿಯರ್ ಮತ್ತು ಬ್ರಷ್ ಬೇರೆಯಾಗಿ ಮಾರುವ ಕಂಪನಿಯ ಎಂಜಿನ್ನನ್ನೇ ಆರಿಸಿ, ಎಂಜಿನ್ನಿನ ಜೊತೆಗೇ ಒಂದು ಜೋಡಿ ಅಚ್ಚಿನ ಗಿಯರ್ ತರಿಸಿಡಿ. ಹಳೆಯದಾದರೆ, ಮಾರುವವರಿಂದ ಒಂದು ಮೀಟರ್–ಒಂದು ನಿಮಿಷದ ಓಟದ ವಿಡಿಯೊ ಕೇಳಿ, ಸದ್ದು ಸಮೇತ. ಆ “ಟಿಕ್” ಅದರಲ್ಲೇ ಕೇಳಿಸುತ್ತದೆ.

ಬಂದ ಮೇಲೆ ಡಬ್ಬಿ ಕಟ್ಟದೆ, ಅರ್ಧ ವೇಗದಲ್ಲಿ, ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ. ಹಳೆಯ ಎಂಜಿನ್ನಿನಲ್ಲಿ ಗ್ರೀಸ್ ಹಲಸಿನ ಮೇಣದ ಹಾಗೆ ಗಟ್ಟಿಯಾಗಿದ್ದರೆ ಪೂರ್ತಿ ತೆಗೆದು ಹೊಸದು ಹಾಕಿ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆಯನ್ನೇ ಬಳಸಿ; ಕೊಬ್ಬರಿ ಎಣ್ಣೆ ಖಂಡಿತ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆ ಒಂದು ಬೇರಿಂಗಿಗೆ ಸಾಕು. ಹೆಚ್ಚಾದದ್ದು ಕಮ್ಯುಟೇಟರಿನ (ಮೋಟಾರಿನಲ್ಲಿ ಬ್ರಷ್ ತಾಗುವ ಭಾಗ) ಮೇಲೆ ಹರಿದು, ಬ್ರಷ್ಷಿನ ಕಾರ್ಬನ್ ಪುಡಿಯ ಜೊತೆ ಕಲೆತು ಕಪ್ಪು ಕೆಸರಾಗಿ, ನಿಧಾನದ ಓಟವನ್ನೇ ಮೊದಲು ಕೆಡಿಸುತ್ತದೆ.