ರಾಜಮುಡಿಯೋ ಸಾಮೆಯೋ, ಗಾಣದ ಎಣ್ಣೆಯೋ ರಿಫೈಂಡೋ? ನಮ್ಮನೆ ಡಬ್ಬಗಳ ಹೋಲಿಕೆ

ತಿಂಗಳ ಸಾಮಾನು ತರಲು ಹೋದರೆ ಈಗ ಒಂದೊಂದಕ್ಕೂ ನಾಲ್ಕಾರು ಆಯ್ಕೆ. ಅಕ್ಕಿಯಲ್ಲಿ ಹತ್ತು ಬಗೆ, ಎಣ್ಣೆಯಲ್ಲಿ ಅಷ್ಟೇ ಬಗೆ, ಉಪ್ಪಿನಲ್ಲೂ ಬಣ್ಣಬಣ್ಣದ್ದು. ಎಲ್ಲದರ ಮೇಲೂ ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆದಿರುತ್ತದೆ. ನಮ್ಮ ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಎದುರಾಳಿ ಸಾಮಾನುಗಳನ್ನು ಜೊತೆಗೇ ತಂದು, ಅದೇ ಅಡುಗೆಯನ್ನು ಎರಡರಲ್ಲೂ ಮಾಡಿ, ತಿಂದು ನೋಡಿದ್ದೇವೆ. ನಾನು ನೋಡಿದ್ದು ಮೂರೇ ವಿಷಯ. ಬೆಳಿಗ್ಗೆಯ ಗಡಿಬಿಡಿಯಲ್ಲಿ ಇದನ್ನು ಮಾಡೋಕಾಗುತ್ತಾ, ಮನೆಯವರು ಎರಡನೇ ಸಲ ಬಡಿಸಿಕೊಳ್ಳುತ್ತಾರಾ, ಡಬ್ಬದಲ್ಲಿ ಕೆಡದೆ ಉಳಿಯುತ್ತಾ. ಈ ಮೂರರಲ್ಲಿ ಒಂದು ತಪ್ಪಿದರೂ ಎಂಥ ಒಳ್ಳೆಯ ಧಾನ್ಯವಾದರೂ ಮೂಲೆ ಸೇರುತ್ತದೆ.

ಮೊದಲು ಅಕ್ಕಿ, ಯಾಕಂದ್ರೆ ಜಾಸ್ತಿ ತಿನ್ನುವುದು ಅದನ್ನೇ. ಪಾಲಿಶ್ ಮಾಡಿದ ಸೋನಾ ಮಸೂರಿ, ಮಂಡ್ಯ-ಹಾಸನ ಕಡೆಯ ರಾಜಮುಡಿ, ಕರಾವಳಿಯ ಕುಚಲಕ್ಕಿ, ಆಮೇಲೆ ಸಾಮೆ ಮತ್ತು ನವಣೆ. ಸೋನಾ ಮಸೂರಿ ಬೇಗ ಬೇಯುತ್ತದೆ, ಆದರೆ ತೌಡೆಲ್ಲ ಹೋಗಿರುತ್ತದೆ, ತಿಂದು ಎರಡು ಗಂಟೆಗೆ ಮತ್ತೆ ಹಸಿವು. ಗಂಜಿಗೆ ಕುಚಲಕ್ಕಿ ಬಿಟ್ಟರಿಲ್ಲ. ಬತ್ತವನ್ನು ಕುದಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವದಲ್ಲಿ ಒಂದಷ್ಟು ಅಕ್ಕಿಯೊಳಗೆ ಇಳಿಯುತ್ತದೆ, ಅದೂ ಒಂದು ಲಾಭ. ಆದರೆ ಬೇಯೋಕೆ ಬಹಳ ಹೊತ್ತು ಬೇಕು, ನಮ್ಮ ತಿಳಿಸಾರಿನ ಜೊತೆ ಆ ದಪ್ಪ ಅಗುಳು ಸೇರಲೇ ಇಲ್ಲ. ರಾಜಮುಡಿ ಹಾಗಲ್ಲ. ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಮೂರು ಲೋಟ ನೀರಿಟ್ಟು, ಕುಕ್ಕರ್ ಒಂದೆರಡು ಕೂಗು ಜಾಸ್ತಿ ಕೂಗಿಸಿದರೆ ಅಗುಳು ಮೆತ್ತಗಾಗುತ್ತದೆ, ಮುದ್ದೆಯಾಗುವುದಿಲ್ಲ, ಅಲ್ಲಲ್ಲಿ ಕೆಂಪು ಗೆರೆ ಹಾಗೇ ಉಳಿದಿರುತ್ತದೆ. ಸಾರು, ಹುಳಿ, ಮೊಸರು ಮೂರಕ್ಕೂ ಹೊಂದುತ್ತದೆ. ಅತ್ತೆಗೂ ಅದನ್ನೇ ಬಡಿಸುತ್ತೇನೆ, ಆದರೆ ಅಳತೆ ಸಣ್ಣದು. ಕೆಂಪಕ್ಕಿ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಅಂತ ಅಲ್ಲ.

ಸಿರಿಧಾನ್ಯಗಳ ಬಗ್ಗೆ 2023ರಲ್ಲಿ, ವಿಶ್ವಸಂಸ್ಥೆ ಘೋಷಿಸಿದ್ದ ಸಿರಿಧಾನ್ಯ ವರ್ಷ ನಡೆದಾಗ, ಬಹಳ ಮಾತಾಯಿತು. ನನ್ನ ಲೆಕ್ಕದಲ್ಲಿ ಅನ್ನಕ್ಕೆ ಸಾಮೆ, ಉಪ್ಪಿಟ್ಟು-ಚಿತ್ರಾನ್ನಕ್ಕೆ ನವಣೆ. ಸಾಮೆಯಲ್ಲಿ ಬಿಸಿಬೇಳೆ ಬಾತ್ ಮಾಡಿದರೆ ಮಕ್ಕಳಿಗೆ ಅಕ್ಕಿಯದಲ್ಲ ಅಂತ ಗೊತ್ತೇ ಆಗುವುದಿಲ್ಲ. ಆರಿದ ಮೇಲೆ ಮಾತ್ರ ಗಟ್ಟಿಯಾಗುತ್ತದೆ, ಹಾಗಾಗಿ ಊಟದ ಡಬ್ಬಿಗೆ ಹಾಕುವಾಗ ಸ್ವಲ್ಪ ತೆಳ್ಳಗೇ ಇರಲಿ. ಕೊಳ್ಳುವಾಗ ಬಣ್ಣ ನೋಡಿ. ತೀರಾ ಬೆಳ್ಳಗೆ ಹೊಳೆಯುತ್ತಿದ್ದರೆ ತೌಡನ್ನು ಉಜ್ಜಿ ತೆಗೆದಿದ್ದಾರೆ ಅಂತಲೇ ಅರ್ಥ, ಆಗ ಬಿಳಿ ಅಕ್ಕಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ದುಡ್ಡು ಮಾತ್ರ ಜಾಸ್ತಿ. ತೌಡು ಇದ್ದರೆ ಅದರಲ್ಲಿ ಎಣ್ಣೆಯಂಶವೂ ಇರುತ್ತದೆ, ಅದಕ್ಕೇ ಬೇಗ ಕಮಟು ವಾಸನೆ ಬರುತ್ತದೆ. ಒಂದು ಕೆಜಿಗಿಂತ ಜಾಸ್ತಿ ತರಬೇಡಿ.

ರಾಗಿಯಲ್ಲಿ ಪೈಪೋಟಿ ಪ್ಯಾಕೆಟ್ ಹಿಟ್ಟಿಗೂ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟಿಗೂ. ಇಲ್ಲಿ ನನಗೆ ಅನುಮಾನವೇ ಇಲ್ಲ, ಮಿಲ್ಲಿನದೇ. ಇಡೀ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಹಿಂದೆ ಹಳ್ಳಿಗಳಲ್ಲಿ ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದರು. ಹಿಟ್ಟಾದ ಮೇಲೆ ಮಾತ್ರ ಅದರ ಆಯುಸ್ಸು ಕಮ್ಮಿ. ಕಲ್ಲು ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ, ಹದಿನೈದು ದಿನಕ್ಕಾಗುವಷ್ಟು ಬೀಸಿಸಿಕೊಂಡು ಬನ್ನಿ. ತಂದ ಕೂಡಲೇ ಡಬ್ಬಕ್ಕೆ ಸುರಿಯಬೇಡಿ. ಮಿಲ್ಲಿನಿಂದ ಬಂದ ಹಿಟ್ಟು ಕೈಗೆ ಬೆಚ್ಚಗೆ ತಾಗುತ್ತಿರುತ್ತದೆ, ಹಾಗೇ ಮುಚ್ಚಿದರೆ ಬೆವರಿ ಗಂಟುಗಟ್ಟುತ್ತದೆ. ಪೇಪರ್ ಮೇಲೆ ಹರಡಿ ಪೂರ್ತಿ ಆರಿದ ಮೇಲೆ ತುಂಬಿ. ಜರಡಿ ಹಿಡಿಯುವುದನ್ನೂ ನಾವು ಬಿಟ್ಟಿದ್ದೇವೆ, ನಾರು ಇರುವುದೇ ಆ ತೌಡಿನಲ್ಲಿ. ಹೊಸ ಹಿಟ್ಟಿನ ಮುದ್ದೆ ಕೋಲಿಗೆ ಅಂಟದೆ ತಿರುಗುತ್ತದೆ, ಬಿಸಿಯಲ್ಲಿ ಮುರಿದರೆ ಘಮ್ ಅನ್ನುತ್ತದೆ. ಪ್ಯಾಕೆಟ್ ಹಿಟ್ಟಿನಲ್ಲಿ ಆ ವಾಸನೆ ನನಗೆ ಸಿಕ್ಕಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ 10ಕ್ಕೂ ಕಮ್ಮಿ. ನಾರು ರಾಗಿಯಲ್ಲಿ 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3ರ ಒಳಗೆ. ಪ್ರೋಟೀನ್ ಮಾತ್ರ 7 ಗ್ರಾಂ ಆಸುಪಾಸು, ಅಕ್ಕಿಗಿಂತ ಹೆಚ್ಚೇನಿಲ್ಲ. ಅದಕ್ಕೇ ಮುದ್ದೆಗೆ ಕಾಳಿನ ಸಾರು ಇರಲೇಬೇಕು. ಹುರುಳಿ, ಅಲಸಂದೆ, ಹೆಸರುಕಾಳು ಮೂರೂ ನಮ್ಮ ಮನೆಯಲ್ಲಿ ಸದಾ ಇರುತ್ತವೆ. ಡಬ್ಬದಲ್ಲಿ ನೀಟಾಗಿ ಉಳಿಯುವ, ಬೆಲೆಯೂ ಎಟುಕುವ ಪ್ರೋಟೀನ್ ಇದಕ್ಕಿಂತ ಬೇರೆ ನಾನು ಕಂಡಿಲ್ಲ. ರಾತ್ರಿ ನೆನೆಸಿ ಮರುದಿನ ಬಟ್ಟೆಯಲ್ಲಿ ಕಟ್ಟಿಟ್ಟ ಹುರುಳಿ ಮೊಳಕೆಯ ಬಸ್ಸಾರು ಇದ್ದ ದಿನ ಮಕ್ಕಳು ಪಲ್ಯ ಬೇಕು ಅಂತ ಕೇಳುವುದೇ ಇಲ್ಲ.

ಮಕ್ಕಳಿಗೆ ಅಂತ ಮಾರುವ ರಾಗಿ ಮಾಲ್ಟ್ ಡಬ್ಬ ಕೊಳ್ಳುವ ಮುಂಚೆ ಹಿಂದೆ ತಿರುಗಿಸಿ ಓದಿ. ಯಾವುದು ಹೆಚ್ಚು ತೂಕವಿದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲನೆಯ ಇಲ್ಲವೇ ಎರಡನೆಯ ಹೆಸರೇ ಸಕ್ಕರೆ ಆಗಿದ್ದರೆ ಅಲ್ಲೇ ಇಟ್ಟು ಬನ್ನಿ. ಮಲ್ಟಿಗ್ರೇನ್ ಗೋಧಿ ಹಿಟ್ಟಿನ ಪಟ್ಟಿಯನ್ನೂ ಹೀಗೇ ಓದಿ, ಯಾವ ಧಾನ್ಯ ಮೊದಲಿದೆ ಅಂತ ನೋಡಿ.

ತೊಗರಿ ಬೇಳೆ ಬೇಗ ಮುಗಿಸುತ್ತೇನೆ. ನುಣ್ಣಗೆ ಹೊಳೆಯುವ ಬೇಳೆಗೆ ನೀರೋ ಎಣ್ಣೆಯೋ ಸವರಿ ಪಾಲಿಶ್ ಮಾಡಿರುತ್ತಾರೆ. ಪಾಲಿಶ್ ಇಲ್ಲದ್ದು ಮಂಕಾಗಿ, ಒಂದಿಷ್ಟು ಪುಡಿ ಮೆತ್ತಿಕೊಂಡಂತೆ ಕಾಣುತ್ತದೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಕಲಬುರಗಿ ತೊಗರಿಯನ್ನೇ ಈಗ ತರಿಸುತ್ತೇವೆ, ಬೇಳೆ ಕಟ್ಟಿನ ರುಚಿಯೇ ಬೇರೆ. ಹುಳು ಬಾರದಿರಲಿ ಅಂತ ಒಂದೆರಡು ಹನಿ ಹರಳೆಣ್ಣೆ ಕೈಗೆ ಸವರಿಕೊಂಡು ಬೇಳೆಯನ್ನು ಉಜ್ಜಿಡುತ್ತೇನೆ.

ಬೆಳಗಿನ ತಿಂಡಿಗೆ ಓಟ್ಸ್ ಮತ್ತು ಕೆಂಪು ಗಟ್ಟಿ ಅವಲಕ್ಕಿ. ನ್ಯಾಯವಾಗಿ ಹೇಳಬೇಕಂದ್ರೆ ಅಂಕಿಗಳಲ್ಲಿ ಸಾದಾ ಓಟ್ಸೇ ಮುಂದೆ, ಪ್ರೋಟೀನ್ ಜಾಸ್ತಿ, ಕೊಲೆಸ್ಟ್ರಾಲ್ ಇಳಿಸಲು ನೆರವಾಗುವ ನಾರೂ ಅದರಲ್ಲಿದೆ. ಆದರೆ ನಮ್ಮ ಮನೆಯಲ್ಲಿ ಹಾಲಿನ ಓಟ್ಸ್ ಯಾರೂ ಮುಟ್ಟಲಿಲ್ಲ, ಪುಡಿ ಮಾಡಿ ದೋಸೆ ಹಿಟ್ಟಿಗೆ ಬೆರೆಸಿದಾಗ ಮಾತ್ರ ಖರ್ಚಾಯಿತು. ಕೆಂಪು ಅವಲಕ್ಕಿಯ ಗೊಜ್ಜವಲಕ್ಕಿ, ಮೇಲೆ ಒಂದು ಹಿಡಿ ಕಡಲೆಕಾಯಿ ಬೀಜ, ತಟ್ಟೆ ಖಾಲಿ. ನನ್ನ ಓಟು ಅವಲಕ್ಕಿಗೆ. ಮಸಾಲೆ ಓಟ್ಸ್ ಪೊಟ್ಟಣ ಬೇಡವೇ ಬೇಡ, ಉಪ್ಪು ಸಿಕ್ಕಾಪಟ್ಟೆ.

ಎಣ್ಣೆ ವಿಷಯದಲ್ಲಿ ಗಾಣದ ಕಡಲೆಕಾಯಿ ಎಣ್ಣೆ, ರಿಫೈಂಡ್ ಸೂರ್ಯಕಾಂತಿ ಎರಡೂ ಗ್ರಾಂಗೆ 9 ಕ್ಯಾಲೊರಿಯೇ. ಗಾಣದ್ದು ಅಂತ ಧಾರಾಳವಾಗಿ ಸುರಿದರೆ ಪ್ರಯೋಜನವಿಲ್ಲ. ಅದರ ಗುಣ ಇರುವುದು ಪರಿಮಳದಲ್ಲಿ. ಒಂದು ಚಮಚದ ಒಗ್ಗರಣೆಗೇ ಪಲ್ಯ ತುಂಬಾ ಘಮ ಹರಡುತ್ತದೆ, ಹಾಗಾಗಿ ತಾನಾಗೇ ಕಮ್ಮಿ ಎಣ್ಣೆ ಸಾಕಾಗುತ್ತದೆ. ಬೆಲೆ ಹೆಚ್ಚಾದರೂ ತಿಂಗಳ ಕೊನೆಗೆ ಖರ್ಚು ಅಷ್ಟೇನೂ ಏರಲಿಲ್ಲ. ಕರಿಯೋಕೆ ಮಾತ್ರ ಅದು ಸರಿಯಲ್ಲ, ನೊರೆ ಬರುತ್ತದೆ, ಬೇಗ ಹೊಗೆಯಾಡುತ್ತದೆ. ಹಬ್ಬಕ್ಕೆ ಅಂತ ಅರ್ಧ ಲೀಟರ್ ರಿಫೈಂಡ್ ಬೇರೆ ತರುತ್ತೇವೆ.

ಬೆಲ್ಲ, ಸಕ್ಕರೆ, ಗುಲಾಬಿ ಉಪ್ಪು ಇವುಗಳ ಮೇಲೆ ದುಡ್ಡು ಹಾಕುವುದು ದಂಡ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣಾಂಶ ಇರಬಹುದು, ಆದರೆ ಸಿಹಿ ಸಿಹಿಯೇ, ಅತ್ತೆಯ ಸಕ್ಕರೆ ಮಟ್ಟ ಎರಡಕ್ಕೂ ಏರುತ್ತದೆ. ತಂದರೆ ಕಪ್ಪು ಬೆಲ್ಲ ತನ್ನಿ, ಹಳದಿಯಾಗಿ ಮಿಂಚುವುದಕ್ಕೆ ರಾಸಾಯನಿಕ ಹಾಕಿರುವ ಸಾಧ್ಯತೆ ಹೆಚ್ಚು. ಗುಲಾಬಿ ಉಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರೆ ಸಾದಾ ಅಯೋಡಿನ್ ಉಪ್ಪೇ ಸರಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಬದಲಾವಣೆ ಸಂಜೆಯ ತಿಂಡಿಯದು. ನಾರಿನ ಬಿಸ್ಕೆಟ್ ಅಂತ ಮಾರುವುದರಲ್ಲೂ ಮೈದಾ, ಸಕ್ಕರೆ, ತಾಳೆ ಎಣ್ಣೆ ಇರುವುದೇ ಹೆಚ್ಚು. ಅದರ ಎದುರು ನಿಂತದ್ದು ಉತ್ತರ ಕರ್ನಾಟಕದ ಜೋಳದ ಖಡಕ್ ರೊಟ್ಟಿ. ಬರೀ ಜೋಳದ ಹಿಟ್ಟು, ನೀರು, ಬೆಂಕಿ. ಗಾಳಿಯಾಡದ ಡಬ್ಬದಲ್ಲಿ ವಾರಗಟ್ಟಲೆ ಗರಿಗರಿಯಾಗೇ ಇರುತ್ತದೆ. ಮುರಿದು, ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿ ಪುಡಿ ಹಚ್ಚಿ ಕೊಟ್ಟರೆ ಶಾಲೆಯಿಂದ ಬಂದವರು ಬಿಸ್ಕೆಟ್ ಡಬ್ಬದ ಕಡೆ ತಿರುಗಿ ನೋಡುವುದಿಲ್ಲ. ಜೊತೆಗೆ ಸಿಪ್ಪೆ ಇರುವ ಹುರಿಗಡಲೆ ಇಟ್ಟರಾಯಿತು. ಗುರೆಳ್ಳು ಪುಡಿ, ಅಗಸಿ ಪುಡಿ ಕೂಡ ಇಟ್ಟಿದ್ದೇವೆ, ಅನ್ನಕ್ಕೂ ಆಗುತ್ತದೆ. ಅಗಸಿಯನ್ನು ಮಾತ್ರ ಪುಡಿಯಾಗಿ ಕೊಳ್ಳಬೇಡಿ, ಅದರ ಎಣ್ಣೆ ಬಹಳ ಬೇಗ ಕೆಡುತ್ತದೆ. ಬೀಜ ತಂದು, ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ.