ಹುಡುಕಿ ಬಂದವರಾ, ಫೋಟೋ ನೋಡಿ ಬಂದವರಾ?

ನಮ್ಮ ಭಾವ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವ ಸಣ್ಣ ಸೈಟ್ ನಡೆಸುತ್ತಾರೆ. ಅದರ ಅನಲಿಟಿಕ್ಸ್, ಅಂದರೆ ಸೈಟ್‌ಗೆ ಯಾರು ಎಲ್ಲಿಂದ ಬಂದರು ಅನ್ನುವ ಲೆಕ್ಕ, ನೋಡುವವನು ನಾನು. ಒಂದು ದಿನ ಕೇಳಿದರು: ‘ಗೂಗಲ್‌ನಿಂದ ಜನ ಬರ್ತಾರೆ ಅಂತೀಯಲ್ಲ, ನಾವು ಬರೆದಿದ್ದನ್ನ ಓದೋಕೆ ಬರ್ತಾರೋ, ರೇಟು-ಫೋಟೋ ನೋಡ್ಕೊಂಡು ಬರ್ತಾರೋ?’ ದುಡ್ಡು ಬರವಣಿಗೆಗೆ ಹಾಕಬೇಕೋ, ಫೋಟೋಗ್ರಾಫರ್‌ಗೆ ಕೊಡಬೇಕೋ ಅನ್ನುವುದು ಅವರ ತಲೆಬಿಸಿ.

ಅಂಗಡಿಯವರಿಗೆ ಅಂತ ಗೂಗಲ್ ಇಟ್ಟಿರುವ ಮರ್ಚೆಂಟ್ ಸೆಂಟರ್‌ಗೆ ಮಾಲಿನ ಪಟ್ಟಿ (ಫೀಡ್) ಕೊಟ್ಟರೆ ಗೂಗಲ್ ಅದನ್ನು ಕಾಸು ತಗೊಳ್ಳದೆ ತೋರಿಸುತ್ತದೆ. ನಮ್ಮ ಅನಲಿಟಿಕ್ಸ್‌ನಲ್ಲಿ ಅಲ್ಲಿಂದ ಬಂದವರೂ ಮಾಮೂಲಿ ಹುಡುಕಾಟದಿಂದ ಬಂದವರೂ ‘ಗೂಗಲ್ / ಆರ್ಗ್ಯಾನಿಕ್’ (ಗೂಗಲ್‌ನಿಂದ ಜಾಹೀರಾತಿಲ್ಲದೆ ಬಂದವರು) ಅನ್ನುವ ಒಂದೇ ಸಾಲಿನಲ್ಲಿ ಕೂತಿದ್ದರು. ಬೇರೆ ಮಾಡಲು ಮೂರು ದಾರಿ ನೋಡಿದೆ.

ಮೊದಲನೆಯದು ಆಟೋ ಟ್ಯಾಗಿಂಗ್. ಮರ್ಚೆಂಟ್ ಸೆಂಟರ್‌ನಲ್ಲಿ ಒಂದು ಸ್ವಿಚ್ ಒತ್ತಿದರೆ ಸಾಕು, ಲಿಂಕಿನ ಬಾಲಕ್ಕೆ ‘ಎಸ್‌ಆರ್‌ಎಸ್‌ಎಲ್‌ಟಿಐಡಿ’ ಅಂಟಿಕೊಳ್ಳುತ್ತದೆ. ಲ್ಯಾಂಡಿಂಗ್ ಪೇಜ್ (ಜನ ಮೊದಲು ಬಂದಿಳಿಯುವ ಪುಟ) ವರದಿಯಲ್ಲಿ ಆ ಬಾಲ ಇದ್ದವರನ್ನೆಲ್ಲ ಶಾಪಿಂಗ್ ಗಿರಾಕಿ ಅಂತ ಎಣಿಸಿದೆ. ಆಮೇಲೆ ನೋಡಿದರೆ ‘ರೇಷ್ಮೆ ಸೆರಗು ಒಗೆಯುವುದು ಹೇಗೆ’ ಅನ್ನುವ ನಮ್ಮ ಲೇಖನಕ್ಕೂ ಅದೇ ಬಾಲ! ಆ ಪುಟ ಮಾಲಿನ ಪಟ್ಟಿಯಲ್ಲೇ ಇಲ್ಲ. 2024ರಿಂದ ಮಾಮೂಲಿ ಹುಡುಕಾಟದ ಲಿಂಕುಗಳಿಗೂ ಇದು ಸೇರಿಕೊಳ್ಳುತ್ತಿದೆ. ಹಾಗಾಗಿ ಬಾಲ ನೋಡಿ ಜಾತಿ ಹೇಳುವ ಕೆಲಸ ಬಿಟ್ಟೆ.

ಎರಡನೆಯದು ಸರ್ಚ್ ಕನ್ಸೋಲ್, ಹುಡುಕಾಟದಲ್ಲಿ ನಮ್ಮ ಸೈಟ್ ಹೇಗೆ ಕಾಣುತ್ತಿದೆ ಅಂತ ಗೂಗಲ್ ತೋರಿಸುವ ಸಾಧನ. ಪರ್ಫಾರ್ಮೆನ್ಸ್ ವರದಿಯ ‘ಸರ್ಚ್ ಅಪಿಯರೆನ್ಸ್’ನಲ್ಲಿ ‘ಮರ್ಚೆಂಟ್ ಲಿಸ್ಟಿಂಗ್ಸ್’ (ಕೊಳ್ಳಲು ಸಿಗುವ ಮಾಲು), ‘ಪ್ರಾಡಕ್ಟ್ ಸ್ನಿಪೆಟ್ಸ್’ (ಮಾಲಿನ ವಿವರ ಸಮೇತ ಬರುವ ಮಾಮೂಲಿ ಫಲಿತಾಂಶ) ಅಂತ ಬೇರೆ ಬೇರೆ ಸಿಗುತ್ತವೆ. ಯಾವ ಪದ ಹುಡುಕಿ ಬಂದರು ಅನ್ನುವುದೂ ಗೊತ್ತಾಗುತ್ತದೆ. ಆದರೆ ಅಲ್ಲಿ ಸಿಗುವುದು ಕ್ಲಿಕ್ಕಿನ ಲೆಕ್ಕ, ಸೀರೆ ಮಾರಾಟದ್ದಲ್ಲ. ಭಾವನಿಗೆ ಕ್ಲಿಕ್ ತಗೊಂಡು ಏನಾಗಬೇಕು?

ಮೂರನೆಯದು ಫೀಡ್‌ನ ಲಿಂಕಿಗೆ ನಾವೇ ಯುಟಿಎಂ, ಅಂದರೆ ಎಲ್ಲಿಂದ ಬಂದರು ಅಂತ ಹೇಳುವ ಟ್ಯಾಗ್, ಅಂಟಿಸುವುದು. ನಾನು ಕೊನೆಗೆ ಉಳಿಸಿಕೊಂಡದ್ದು ಇದನ್ನೇ. ಆದರೆ ಸುಮ್ನೆ ಬರಲಿಲ್ಲ.

ಫೀಡ್ ಒಂದು ಗೂಗಲ್ ಶೀಟ್. ಪ್ರತಿ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಟ್ಯಾಗ್ ಸೇರಿಸುವ ಸೂತ್ರ ಬರೆದೆ. ಬಣ್ಣದ ಆಯ್ಕೆ ಇದ್ದ ಸೀರೆಗಳ ಲಿಂಕಿನಲ್ಲಿ ಆ ಚಿಹ್ನೆ ಮೊದಲೇ ಇತ್ತು. ಅಲ್ಲಿ ಹಾಕಬೇಕಾದದ್ದು ‘&’. ನನ್ನದೇ ತಪ್ಪು, ಆ ಸೀರೆಗಳ ಎರಡು ವಾರದ ಲೆಕ್ಕ ಹೋಯಿತು.

ಇನ್ನೊಂದು ಎಡವಟ್ಟು ಹೆಸರಿನದು. ಯುಟಿಎಂನಲ್ಲಿ ಸೋರ್ಸ್ (ಯಾವ ಸೈಟ್), ಮೀಡಿಯಂ (ಯಾವ ಬಗೆ), ಕ್ಯಾಂಪೇನ್ (ನಾವಿಡುವ ಹೆಸರು) ಅಂತ ಇರುತ್ತವೆ. ಮೀಡಿಯಂ ‘ಆರ್ಗ್ಯಾನಿಕ್’ ಅಂತಲೇ ಇಟ್ಟು, ಕ್ಯಾಂಪೇನ್‌ಗೆ ‘ಇಳಕಲ್-ಫೀಡ್’ ಅಂತ ಹೆಸರು ಕೊಟ್ಟೆ. ಎಲ್ಲ ಮತ್ತೆ ಆರ್ಗ್ಯಾನಿಕ್ ಸರ್ಚ್ (ಮಾಮೂಲಿ ಹುಡುಕಾಟ) ಗುಂಪಿಗೇ ಹೋಗಿ ಬಿತ್ತು. ಕಾರಣ ಇಷ್ಟೆ: ಸೋರ್ಸ್ ಗೊತ್ತಿರುವ ಶಾಪಿಂಗ್ ಸೈಟ್ ಆಗಿಲ್ಲದಿದ್ದರೆ, ಗೂಗಲ್ ಅನಲಿಟಿಕ್ಸ್ 4 ‘ಆರ್ಗ್ಯಾನಿಕ್ ಶಾಪಿಂಗ್’ ಅಂತ ಒಪ್ಪುವುದು ಕ್ಯಾಂಪೇನ್ ಹೆಸರಿನಲ್ಲಿ ‘ಶಾಪ್’ (shop) ಅಥವಾ ‘ಶಾಪಿಂಗ್’ (shopping) ಅನ್ನುವ ಇಂಗ್ಲಿಷ್ ಅಕ್ಷರಗಳು ಇದ್ದರೆ. ಅದರಲ್ಲೂ ಒಂದು ತಮಾಷೆ ಇದೆ. ‘ವರ್ಕ್‌ಶಾಪ್’ (workshop), ‘ಬಿಷಪ್’ (bishop) ಅಂತ ಬರೆದರೆ ನಡೆಯಲ್ಲ, ‘ಇಶಾಪ್’ (eshop) ನಡೆಯುತ್ತದೆ. ಶಾಪ್ ಹಿಂದೆ ‘ಇ’ ಬಿಟ್ಟು ಬೇರೆ ಇಂಗ್ಲಿಷ್ ಅಕ್ಷರ ಇರಬಾರದು ಅಂತ ಸೂತ್ರ. ಯಾರೋ ಬಿಷಪ್ಪರನ್ನು ನೆನೆಸಿಕೊಂಡೇ ಬರೆದಿರಬೇಕು ಅಲ್ವಾ?

ಹೆಸರು ‘ಶಾಪ್-ಇಳಕಲ್’ ಆಯಿತು, ಕೆಲಸ ಆಯಿತು. ದೊಡ್ಡಕ್ಷರ ಸಣ್ಣಕ್ಷರ ಬೆರೆಸಬೇಡಿ, ಒಂದೇ ಹೆಸರು ಎರಡು ಸಾಲಾಗಿ ಒಡೆಯುತ್ತದೆ. ದುಡ್ಡು ಕೊಟ್ಟು ಶಾಪಿಂಗ್ ಜಾಹೀರಾತನ್ನೂ ಹಾಕುವವರು ಫೀಡ್‌ನ ‘ಆಡ್ಸ್ ರೀಡೈರೆಕ್ಟ್’ (ಜಾಹೀರಾತಿಗೆ ಮಾತ್ರ ಬಳಸುವ ಲಿಂಕ್) ಕಾಲಂನಲ್ಲಿ ಟ್ಯಾಗ್ ಇಲ್ಲದ ಲಿಂಕ್ ಕೊಟ್ಟರೆ ಎರಡೂ ಬೆರೆಯುವುದಿಲ್ಲ.

ಇದೂ ಪೂರ್ತಿ ಶುದ್ಧ ಅಲ್ಲ. ಫೀಡ್‌ನ ಸೀರೆಗಳು ಶಾಪಿಂಗ್ ಟ್ಯಾಬ್‌ನಲ್ಲಷ್ಟೇ ಅಲ್ಲ, ಮಾಮೂಲಿ ಹುಡುಕಾಟದ ಪುಟದಲ್ಲೂ ಚಿತ್ರದ ಸಾಲಾಗಿ ಬರುತ್ತವೆ. ಆ ಕ್ಲಿಕ್ಕೂ ‘ಶಾಪ್’ ಲೆಕ್ಕಕ್ಕೇ ಸೇರುತ್ತದೆ. ನನಗೆ ಅದೇ ಬೇಕಿತ್ತು. ಟ್ಯಾಬ್ ಯಾವುದಾದರೇನು, ಫೋಟೋ, ರೇಟು ನೋಡಿ ಬಂದವರು ಅವರು. ಭಾವ ಕೇಳಿದ್ದೂ ಅದನ್ನೇ.

ಖಣಗಳು ಮಾರಾಟವಾಗುತ್ತಿರುವುದು ಹೆಚ್ಚಾಗಿ ‘ಶಾಪ್’ ಸಾಲಿನಿಂದ. ದುಬಾರಿ ಸೀರೆ ಕೊಳ್ಳುವವರು ಮೊದಲು ಲೇಖನ ಓದಿಯೇ ಬರುತ್ತಿದ್ದಾರೆ. ಅದಕ್ಕೇ ಈ ಭಾನುವಾರ ಭಾವ ಖಣಗಳ ಫೋಟೋ ಹೊಸದಾಗಿ ತೆಗೆಸುತ್ತಿದ್ದಾರೆ.